ಇಬ್ಬರು ಒಳಗೆ, ಒಬ್ಬಳು ಹೊರಗೆ

ತ್ರುಹಿಯೊ,
ಚೌಕದ ಹಿಂದಿನ ಬೀದಿ, ಹಿಪ್ಪುನೇರಳೆ ಮರದ ಕೆಳಗೆ ನಿಂತ ನಮ್ಮ ವ್ಯಾನಿನಿಂದ
ಏಪ್ರಿಲ್ 27, ಸೋಮವಾರ

ನನ್ನ ಕಸಿಲ್ದಾ, ನನ್ನ ಗುಬ್ಬಿ,

ಬೆಳಗಿನಿಂದ ನಿನ್ನ ಫೋನು ಬಡಿದುಕೊಳ್ಳುತ್ತಲೇ ಇದೆ. ನಾನು ಎತ್ತುತ್ತಿಲ್ಲ. ಎತ್ತಿದರೆ ನೀನು ಅಳುತ್ತೀಯ, ನಾನು ತಮಾಷೆ ಮಾಡುತ್ತೇನೆ, ಅದನ್ನು ಕೇಳಿ ನೀನು ಇನ್ನಷ್ಟು ಅಳುತ್ತೀಯ. ಕಾಗದದಲ್ಲಿ ಒಂದು ಅನುಕೂಲವಿದೆ. ನಾನು ಮುಗಿಸುವವರೆಗೆ ನೀನು ಬಾಯಿ ಹಾಕುವಂತಿಲ್ಲ. ಆಯಸ್ಸೆಲ್ಲ ಲ್ಯಾಟಿನ್ ಪಾಠ ಹೇಳಿದವಳಿಗೆ ಇದಕ್ಕಿಂತ ಸುಖ ಬೇರೆ ಇಲ್ಲ. ನನ್ನ ತರಗತಿಯಲ್ಲಿ ಭಾಷೆ ಸತ್ತಿತ್ತು, ಹುಡುಗರು ಮಾತ್ರ ಬದುಕಿದ್ದರು, ಅದೂ ಹಿಂದಿನ ಬೆಂಚಿನಲ್ಲಿ. ಮುಂದಿನ ಬೆಂಚಿನವರಿಗೆ ಲಾಲಿ ಮೇಡಂ ಎಂಬ ನನ್ನ ಹೆಸರು ಕೇಳಿದರೇ ನಿದ್ದೆ ಬರುತ್ತಿತ್ತು.

ಮೊದಲು ಕಹಿ ಗುಳಿಗೆ ನುಂಗಿಬಿಡು. ನಿನ್ನಪ್ಪ ಭಾನುವಾರ ಸರಗೋಸಾದ ನಿನ್ನ ಮನೆಗೆ ಬರುವುದಿಲ್ಲ. ನೀನು ಕೋಣೆಗೆ ಬಣ್ಣ ಹೊಡೆಸಿದ್ದು, ಹಕ್ಕಿಚಿತ್ರದ ಪರದೆ ಹೊಲಿಸಿದ್ದು, ನಿನ್ನ ಅವಳಿಗಳು ತಾದೆಯೊ ಮತ್ತು ಬ್ರೂನಾ ಬಾಗಿಲಿಗೆ ‘ತಾತನ ಕೋಣೆ’ ಎಂದು ಬರೆದು ಅಂಟಿಸಿದ್ದು, ಬರೆಯುವಾಗ ‘ತಾತ’ನಿಗೆ ಒಂದು ‘ತಾ’ ಹೆಚ್ಚಾಗಿ ಬಿದ್ದದ್ದು, ಎಲ್ಲ ಗೊತ್ತು. ಆದರೂ ಬರುವುದಿಲ್ಲ. ಇವತ್ತು ಬೆಳಗ್ಗೆ ಅವರನ್ನು ಇಲ್ಲಿನ ಸನ್ಯಾಸಿನಿಯರ ವೃದ್ಧಾಶ್ರಮದಲ್ಲಿ ಬಿಟ್ಟು ಬಂದೆ.

ಬಿಟ್ಟು ಬಂದೆ ಎಂದು ಬರೆದು ಒಮ್ಮೆ ಓದಿಕೊಂಡೆ. ಲ್ಯಾಟಿನ್‌ನಲ್ಲಿ ಬರೆದಿದ್ದರೆ ಇಷ್ಟು ಕೆಟ್ಟದಾಗಿ ಕೇಳಿಸುತ್ತಿರಲಿಲ್ಲ.

‘ಅಮ್ಮಾ, ಏನೇ ಆಗಲಿ, ಗುರುತಿಲ್ಲದವರ ಕೈಗೆ ಅಪ್ಪನನ್ನು ಕೊಡಬೇಡ’ ಎಂದು ನೀನು ಕ್ರಿಸ್‌ಮಸ್ ದಿನ ನನ್ನ ಕೈಹಿಡಿದು ಹೇಳಿದ್ದೆ. ನಾನು ಹೂಂ ಎಂದಿದ್ದೆ. ಕೋಪ ಮಾಡಿಕೋ, ನಿನ್ನ ಹಕ್ಕು. ಪೂರ್ತಿ ಓದಿ ಮಾಡಿಕೋ, ಅಷ್ಟೆ. ಕಾರಣ ಬೇಕೆಂದರೆ, ನಿಮ್ಮದು ಐದನೆಯ ಮಹಡಿ, ಲಿಫ್ಟು ಬೆಂಕಿಪೊಟ್ಟಣದಷ್ಟು, ಕಿಟಕಿ ತೆರೆದರೆ ಎದುರಿನ ಕಟ್ಟಡದ ಗೋಡೆ. ಪಾರಿವಾಳವೂ ದಾರಿ ತಪ್ಪಿ ಬರಬೇಕು. ಹಕ್ಕಿಯಿಲ್ಲದ ಕಡೆ ಆ ಮನುಷ್ಯ ಹೇಗೆ ಕೂತಾರು? ಸದ್ಯಕ್ಕೆ ಇಷ್ಟು ಕಾರಣ ಸಾಕು. ಫೋನಿನಲ್ಲಿ ಮುಖ ತೋರಿಸಿ ಮಾತಾಡು ಎಂದು ಮೊನ್ನೆ ಹಟ ಹಿಡಿದೆಯಲ್ಲ, ಅದಕ್ಕೂ ಒಪ್ಪಲಿಲ್ಲ ನಾನು. ಎಡಹುಬ್ಬು ಸ್ವಲ್ಪ ಊದಿದೆ. ವ್ಯಾನಿನ ಕಪಾಟಿನ ಬಾಗಿಲು ತಗುಲಿತು. ಹೆದರುವಂಥದ್ದೇನಿಲ್ಲ. ಹುಬ್ಬು ಹಾರಿಸುವಾಗ ಮಾತ್ರ ನೋವು, ಹುಬ್ಬು ಹಾರಿಸುವಂಥ ಸಂಗತಿ ಈ ವಯಸ್ಸಿನಲ್ಲಿ ಎಷ್ಟಿರುತ್ತದೆ?

ಈ ಸಲವೂ ಈಸ್ಟರ್ ಮುಗಿದ ವಾರವೇ ಹಕ್ಕಿಗಳ ಫೋಟೊಗೆಂದು ಕಾಸೆರೆಸ್‌ನ ಮನೆ ಬಿಟ್ಟೆವು. ನಮ್ಮ ವ್ಯಾನಿಗೆ ನೀನು ಚಿಕ್ಕವಳಿದ್ದಾಗ ಇಟ್ಟ ಹೆಸರು ಎರ್ಲಡ್ಡು. ಬಯಲಿನ ಆ ದಪ್ಪ ಹಕ್ಕಿಯ ಹಾಗೆಯೇ ಇದೂ ಮೈಭಾರ ಹೊತ್ತು ಓಡಿ, ಓಡಿ, ಏದುಸಿರು ಬಿಟ್ಟು, ಇನ್ನು ಎದ್ದೇಳುವುದಿಲ್ಲ ಎನ್ನುವಾಗ ಎದ್ದು ಹೊರಡುತ್ತದೆ. ‘ಎರ್ಲಡ್ಡಿನೊಳಗಿನ ಲಡ್ಡು ನಮ್ಮ ಲಾಲಿ’ ಎಂದು ನಿನ್ನಪ್ಪ ಪ್ರತಿ ವಸಂತದಲ್ಲೂ ಕೀಲಿ ತಿರುಗಿಸುವಾಗ ಹೇಳುತ್ತಿದ್ದರು. ಈ ಸಲ ಕೀಲಿ ನನ್ನ ಕೈಯಲ್ಲಿತ್ತು. ಅವರು ಹೇಳಲಿಲ್ಲ. ನಾನೇ ಹೇಳಿ ನಾನೇ ನಕ್ಕೆ. ಅವರು ಪಕ್ಕದ ಸೀಟಿನಲ್ಲಿ ಕೂತು, ಯಾರೋ ಹೆಂಗಸು ತನ್ನಷ್ಟಕ್ಕೆ ನಗುತ್ತಿದ್ದಾಳೆ ಎನ್ನುವಂತೆ ಮರ್ಯಾದೆಗೆ ಮುಗುಳ್ನಕ್ಕರು.

ಲಾ ಸೆರೆನಾ ಬಯಲಿನಲ್ಲಿ ಮೊದಲ ದಿನಗಳು ಚೆನ್ನಾಗಿದ್ದವು. ನೆಲಗುಬ್ಬಿಗಳ ಗಲಾಟೆ. ಗಂಡು ಎರ್ಲಡ್ಡುಗಳು ಹೆಣ್ಣನ್ನು ಒಲಿಸಲು ಮೈಯ ಬಿಳಿ ಗರಿಗಳನ್ನೆಲ್ಲ ಹೊರಗೆ ತಿರುವಿ ಸೋಪಿನ ನೊರೆಯ ಗುಡ್ಡೆಗಳಂತೆ ನಿಂತಿದ್ದವು, ಹೆಣ್ಣುಗಳು ಎಂದಿನಂತೆ ಬೇರೆ ಕಡೆ ನೋಡುತ್ತಿದ್ದವು. ನಿನ್ನಪ್ಪ ಕಣ್ಣು ಮುಚ್ಚಿ ಕೂತು ಯಾವ ಕೂಗು ಯಾವ ಹಕ್ಕಿಯದು ಎಂದು ಒಂದೊಂದಾಗಿ ಹೇಳುತ್ತ ಹೋದರು. ಒಂದೂ ತಪ್ಪಲಿಲ್ಲ. ಬೆಳಗಿನ ಕಾಫಿ ಕುಡಿದದ್ದು ಮಾತ್ರ ನೆನಪಿರಲಿಲ್ಲ. ಹೋದ ವರ್ಷ ಡಾಕ್ಟರು ಚಿತ್ರ ತೋರಿಸಿ ಮಿದುಳಿನ ಇಂತಿಂಥ ಭಾಗ ಒಣಗುತ್ತಿದೆ ಎಂದರಲ್ಲ, ಹಕ್ಕಿಗಳು ಕೂತ ಕೊಂಬೆ ಕೊನೆಗೆ ಒಣಗುತ್ತದೆಯೋ ಏನೋ.

ಆ ಬಯಲಿನ ಕಾವಲುಗಾರ ಇಲ್ದೆಫೊನ್ಸೊ ಎಂದಿನಂತೆ ಮೋಟಾರ್‌ಸೈಕಲ್ಲಿನಲ್ಲಿ ಬಂದು ನಿನ್ನಪ್ಪನನ್ನು ಕಿಚಾಯಿಸಿದ.

“ಏನ್ ಡಾನ್ ಲೆಯಾಂದ್ರೊ, ಈ ವರ್ಷಾನಾದ್ರೂ ಫೋಟೊ ತೆಗೀತೀರೋ, ಬಿಸಿಲು ಕಾಯಿಸ್ಕೊಂಡು ಹೋಗ್ತೀರೋ?”

“ನಿನ್ ಮೂತಿ ತೆಗೀಬೇಕು ಅಂತಿದ್ದೆ. ಲೆನ್ಸು ಒಡೆದು ಹೋಗತ್ತಲ್ಲ ಅಂತ ಯೋಚ್ನೆ.”

“ನಿಮ್ ಔಷಧಿ ಅಂಗಡೀಲಿ ಈ ನಾಲಿಗೇನ ಬಾಟ್ಲಿಗೆ ತುಂಬಿ ಮಾರಿದ್ರೆ ಊರಲ್ಲಿ ಇಲಿ ಉಳೀತಿರ್ಲಿಲ್ಲ ಬಿಡಿ!”

ಇಬ್ಬರೂ ಬೆನ್ನು ತಟ್ಟಿಕೊಂಡು ನಕ್ಕರು. ನಾನೂ ನಕ್ಕೆ. ಅವನು ಅತ್ತ ಹೋದ ಮೇಲೆ ನಿನ್ನಪ್ಪ ನನ್ನ ಕಿವಿಯ ಹತ್ತಿರ ಬಗ್ಗಿ ಕೇಳಿದರು, “ಯಾರೇ ಅವನು? ತುಂಬಾ ಸಲುಗೆ ತಗೋತಾನೆ.”

ಆಮೇಲೆ ದಿನಕ್ಕೆರಡು ಸಲ ನಿನ್ನ ವಿಚಾರ. “ಕಸಿಲ್ದಾ ಸ್ಕೂಲಿಂದ ಬಂದ್ಲಾ?”

“ಬಂದ್ಲು. ಊಟ ಮಾಡ್ತಿದಾಳೆ.”

“ತಟ್ಟೆ ನೋಡು. ಬಟಾಣಿ ಪಕ್ಕಕ್ಕೆ ಸರಿಸಿರ್ತಾಳೆ, ಕಳ್ಳಿ.”

ನೀನು ಈಗ ಬಟಾಣಿ ತಿನ್ನುತ್ತೀಯಾ, ಮಗಳೇ? ನಾನು ಕೇಳಿಯೇ ಇಲ್ಲ.

ಒಂದು ದಿನ ಬೆಳಗಿನಿಂದ ಮಧ್ಯಾಹ್ನದವರೆಗೆ ಕ್ಲಿಕ್ಕಿಸಿ, ಬೆವರು ಒರೆಸಿಕೊಂಡು, ಕ್ಯಾಮೆರಾ ತಿರುಗಿಸಿ ಹಿಂಬದಿಯ ಗಾಜು ತೋರಿಸಿದರು. “ನೋಡೇ, ಎಂಥಾ ಗಂಡು!” ಗಾಜು ಕಪ್ಪಗಿತ್ತು. ಕ್ಯಾಮೆರಾದೊಳಗೆ ಕಾರ್ಡೇ ಇರಲಿಲ್ಲ. ಬೆಳಗಿನಿಂದ ಗಾಳಿಗೆ ಬರೆದಿದ್ದರು. ನಾನು ಕನ್ನಡಕ ಸರಿಮಾಡಿಕೊಂಡು, “ಕೊಕ್ಕಿನ ಮೀಸೆ ಏನ್ ಬಂದಿದೆ ಕಣೋ!” ಎಂದೆ. ಮೆಚ್ಚಿಕೊಂಡರು. ಅಂದಿನಿಂದ ಅವರು ಹಲ್ಲುಜ್ಜುವಾಗ ಗುಟ್ಟಾಗಿ ಕಾರ್ಡು ಹಾಕುವುದು ನನ್ನ ಕೆಲಸವಾಯಿತು. ಗುಳಿಗೆ ಅವರ ಬಾಯಿಗೆ, ಕಾರ್ಡು ಕ್ಯಾಮೆರಾದ ಬಾಯಿಗೆ. ಊರಿಗೆಲ್ಲ ಗುಳಿಗೆ ಎಣಿಸಿ ಕೊಟ್ಟವರು ಈಗ ನನ್ನ ಅಂಗೈ ನೋಡಿ, “ಡಾಕ್ಟರ ಚೀಟಿ ಇದೆಯೇನಮ್ಮಾ?” ಎಂದು ಕೇಳುತ್ತಿದ್ದರು.

ಈಗ ಮರೆಯ ವಿಷಯ. ನಿನಗೆ ಗೊತ್ತಿಲ್ಲದ್ದಲ್ಲ. ಆದರೂ ಬರೆಯುತ್ತೇನೆ, ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ.

ನಾವು ಮರೆ ಎನ್ನುವ ಆ ಒಂಟಿ ಆಳಿನ ಗುಡಾರದೊಳಗೆ ಒಬ್ಬ ಹೊಕ್ಕು ಕೂತರೆ ಹದ್ದು ಹತ್ತಿರ ಸುಳಿಯುವುದಿಲ್ಲ. ಅದು ಎಲ್ಲೋ ಬಂಡೆಯ ಮೇಲಿಂದ ನೋಡುತ್ತಿರುತ್ತದೆ. ಮನುಷ್ಯ ಒಳಗೆ ಹೋದ, ಹೊರಗೆ ಬರಲಿಲ್ಲ, ಆದ್ದರಿಂದ ಒಳಗೇ ಇದ್ದಾನೆ. ಇಷ್ಟು ತರ್ಕ ಅದಕ್ಕೂ ಬರುತ್ತದೆ. ಅದಕ್ಕೇ ಇಬ್ಬರು ಹೋಗಬೇಕು. ಇಬ್ಬರೂ ಒಳಹೊಕ್ಕು, ಸ್ವಲ್ಪ ಹೊತ್ತಿಗೆ ಒಬ್ಬರು ಎದ್ದು, ಎಲ್ಲರಿಗೂ ಕಾಣುವ ಹಾಗೆ, ಬಯಲಿನಲ್ಲಿ ನಡೆದು ಹೊರಟುಹೋಗಬೇಕು. ಮನುಷ್ಯ ಬಂದ, ಮನುಷ್ಯ ಹೋದ, ಹದ್ದಿಗೆ ಅಷ್ಟೇ ಕಾಣುವುದು. ‘ಹಕ್ಕಿಗೆ ರೆಕ್ಕೆ ಬರತ್ತೆ, ಲೆಕ್ಕ ಬರಲ್ಲ’ ಎಂದು ನಿನ್ನಪ್ಪ ಹೇಳುತ್ತಿದ್ದರು. ಒಳಗೆ ಉಳಿದವರು ತಾವಾಗಿ ಎದ್ದು ಬರುವಂತಿಲ್ಲ. ಹೋದವರೇ ಬಂದು ಗುಡಾರದ ಬಟ್ಟೆ ತಟ್ಟಿ ಕರೆದುಕೊಂಡು ಹೋಗಬೇಕು. ಎಷ್ಟು ಹೊತ್ತಾದರೂ ಸರಿ, ಅಲ್ಲಿಯವರೆಗೆ ಉಸಿರು ಬಿಗಿಹಿಡಿದು ಕೂತಿರಬೇಕು.

ನಮ್ಮ ಸಂಸಾರದಲ್ಲಿ ಕೂರುವವರು ಅವರು, ಹೋಗುವವಳು ನಾನು. ಅದಕ್ಕಾಗಿಯೇ ಆ ಕೆಂಪು ಶಾಲು. ಹದ್ದಿಗೆ ದೂರದಿಂದ ಕಣ್ಣಿಗೆ ಹೊಡೆಯಬೇಕಲ್ಲ. ಹೋಗುವವರಿಗೆ ಇರುವುದು ಒಂದೇ ನಿಯಮ, ತಿರುಗಿ ನೋಡಬಾರದು. ನೋಡಿದರೆ ಹಿಂದೆ ಏನನ್ನೋ ಬಿಟ್ಟಿದ್ದಾರೆ ಎಂದು ಹಕ್ಕಿಗೆ ಅನುಮಾನ. ನೀನು ಚಿಕ್ಕವಳಿದ್ದಾಗ ಒಮ್ಮೆ ನನ್ನ ಕೈಹಿಡಿದು ನಡೆಯುತ್ತ ಅರ್ಧ ದಾರಿಯಲ್ಲಿ ತಿರುಗಿ ‘ಅಪ್ಪಾ ಟಾಟಾ’ ಎಂದು ಕೂಗಿದೆ. ಆ ದಿನ ಹದ್ದು ತನ್ನ ಹದ್ದಿನಲ್ಲೇ ಉಳಿಯಿತು. ಆಮೇಲೆ ನಿನ್ನನ್ನು ವ್ಯಾನಿನಲ್ಲೇ ಬಿಡುತ್ತಿದ್ದೆವು.

ನಮ್ಮ ಮನೆಯ ಗೋಡೆ ತುಂಬ ಹದ್ದು, ರಣಹದ್ದು, ಕಪ್ಪು ಕೊಕ್ಕರೆಯ ಚಿತ್ರಗಳು. ಪ್ರದರ್ಶನಕ್ಕೆ ಬಂದವರು ‘ನೀವು ಒಂದರಲ್ಲೂ ಇಲ್ಲವಲ್ಲ ಮೇಡಂ’ ಎನ್ನುತ್ತಿದ್ದರು. ಎಲ್ಲದರಲ್ಲೂ ಇದ್ದೇನೆ, ಚೌಕಟ್ಟಿನ ಆಚೆ ನಡೆದು ಹೋಗುತ್ತಿದ್ದೇನೆ, ಎನ್ನುತ್ತಿದ್ದೆ. ತಮಾಷೆಗೆ.

ಬಯಲು ಮುಗಿಸಿ ತಾಹೊ ನದಿಯ ಕಡೆ ಬಂದೆವು. ಪ್ರತಿ ವರ್ಷ ಹೋಗುತ್ತೇವಲ್ಲ, ಓಕ್ ಮರಗಳ ಹುಲ್ಲುಗಾವಲಿನ ಮಧ್ಯದ ಆ ಕುಂಟೆ, ಬಿಳಿ ಹೆಗಲಿನ ದೊಡ್ಡ ಹದ್ದು ನೀರಿಗಿಳಿಯುವ ಜಾಗ. ಅಲ್ಲಿಯೇ ಮರೆ ಹಾಕಿದೆವು. ಬುಧವಾರ ಬೆಳಗ್ಗೆ ಇಬ್ಬರೂ ಒಳಹೊಕ್ಕೆವು, ಎಂದಿನಂತೆ ನಾನು ಹೊರಬಂದು ನಡೆದೆ. ವ್ಯಾನಿನಲ್ಲಿ ಕಾಫಿ ಮಾಡುವಾಗ ಶಾಲಿನ ಮೇಲೆ ಚೆಲ್ಲಿಕೊಂಡೆ. ತೊಳೆದು ಕನ್ನಡಿಗೆ ನೇತುಹಾಕಿದೆ. ಮಧ್ಯಾಹ್ನ ಕರೆದುಕೊಂಡು ಬರಲು ಹೊರಟಾಗ ಅದಿನ್ನೂ ಒದ್ದೆ. ಬೂದುಬಣ್ಣದ ಸ್ವೆಟರಿನಲ್ಲೇ ಹೋದೆ. ಹೋಗುವವರು ಹೋದ ಬಟ್ಟೆಯಲ್ಲೇ ವಾಪಸ್ಸು ಬರಬೇಕು ಎನ್ನುವುದು ಈ ಕಸುಬಿನಲ್ಲಿ ಕೂಸಿಗೂ ಗೊತ್ತು. ಹದ್ದು ಗಾಬರಿಬೀಳುತ್ತದೆ ಎಂದು ಆ ಪದ್ಧತಿ. ಹದ್ದು ಹೇಗೂ ಎದ್ದುಹೋಗಿರುತ್ತದೆ, ಇವತ್ತೊಂದು ದಿನ ಏನಾದೀತು ಎಂದುಕೊಂಡೆ.

ಬಟ್ಟೆ ತಟ್ಟಿದೆ. ಜಿಪ್ಪು ಒಂದು ಗೇಣು ಇಳಿಯಿತು.

“ಯಾರ್ರೀ ನೀವು? ಕೆಳಗೆ ಕೂತ್ಕೊಳ್ಳಿ ಮೊದ್ಲು! ಹಕ್ಕಿ ಇಳಿಯೋ ಹೊತ್ತು.”

“ನಾನು ಕಣೋ. ಲಾಲಿ.”

“ಲಾಲಿ ಕೆಂಪು ಶಾಲು ಹಾಕ್ಕೊಂಡು ಬರ್ತಾಳೆ. ನೀವು ಹೋಗಿ ಅಮ್ಮಾ, ದಯವಿಟ್ಟು.”

ಹಿಂದೆ ಅವರು ನನಗೆ ‘ನೀವು’ ಎಂದದ್ದು ತಮ್ಮ ಔಷಧಿ ಅಂಗಡಿಯ ಕೌಂಟರಿನಾಚೆ ನಿಂತು ಮೊದಲ ಸಲ ನನಗೆ ಕೆಮ್ಮಿನ ಔಷಧಿ ಕೊಟ್ಟ ದಿನ. ಅಂದು ಆ ‘ನೀವು’ ಕೇಳಿ ಕೆಮ್ಮು ವಾಸಿಯಾದರೂ ಮತ್ತೆ ಮತ್ತೆ ಹೋಗಿದ್ದೆ. ಇಂದು ತಮಾಷೆ ಎಂದುಕೊಂಡು ಕೈ ಒಳಗೆ ಚಾಚಿ ಅವರ ತೋಳು ಹಿಡಿದೆ.

ಅವರು ಟ್ರೈಪಾಡ್ ಎತ್ತಿದರು.

ಒಂದೇ ಏಟಲ್ಲ, ಕಸಿಲ್ದಾ. ಎರಡನೆಯದಕ್ಕೆ ನಾನು ನೆಲಕ್ಕೆ ಬಿದ್ದಿದ್ದೆ. ಅದರ ಮೇಲೂ ಒಂದು. ಆಮೇಲೆ ಜಿಪ್ಪು ಮೇಲೇರಿತು. ಒಳಗಿನಿಂದ ಒಂದು ಸದ್ದಿಲ್ಲ. ಹಕ್ಕಿಗಾಗಿ ಉಸಿರು ಬಿಗಿಹಿಡಿದು ಕೂತರು. ಎಷ್ಟು ಒಳ್ಳೆಯ ಶಿಸ್ತು ನೋಡು.

ವ್ಯಾನಿಗೆ ಹೋಗಿ ಮುಖ ತೊಳೆದೆ. ಒದ್ದೆ ಶಾಲು ಹೊದ್ದೆ. ಮತ್ತೆ ಅದೇ ದಾರಿ ನಡೆದು ಬಂದು ಬಟ್ಟೆ ತಟ್ಟಿದೆ.

“ಬಂದ್ಯಾ ಲಾಲಿ? ಯಾವಳೋ ಹೆಂಗಸು ಬಂದು ಹದ್ದನ್ನ ಓಡಿಸಿಬಿಟ್ಲು ಮಾರಾಯ್ತಿ. ಅಯ್ಯೋ, ಹುಬ್ಬಿಗೇನಾಯ್ತೇ?”

“ಕಪಾಟಿನ ಬಾಗಿಲು ತಗುಲ್ತು.”

“ನಮ್ ಕಪಾಟಿಗೆ ಬಾಗಿಲೆಲ್ಲಿದೆಯೇ, ಪೆದ್ದಿ? ಕಸಿಲ್ದಾ ಅದಕ್ಕೆ ಜೋತುಬಿದ್ದು ಮುರಿದ್ಮೇಲೆ ಪರದೆ ಅಲ್ವಾ ಇರೋದು?”

ಅದು ನೆನಪಿದೆ. ಇದೇ ಕಪಾಟು, ಇದೇ ಪರದೆ. ಈ ಕಾಗದದ ಆರಂಭದಲ್ಲಿ ನಾನು ಬಾಗಿಲು ಎಂದು ಬರೆದಾಗ ನಿನಗೂ ನೆನಪಾಗಿರುತ್ತದೆ. ಅಪ್ಪ ಮಗಳಿಬ್ಬರ ಮುಂದೆ ನನ್ನ ಸುಳ್ಳು ಎಂದೂ ನಿಂತದ್ದಿಲ್ಲ.

ಆಮೇಲೆ ನನ್ನನ್ನು ವ್ಯಾನಿನ ಮೆಟ್ಟಿಲ ಮೇಲೆ ಕೂರಿಸಿ ಗಾಯ ತೊಳೆದರು. ಹತ್ತಿಯನ್ನು ಎಷ್ಟು ಅದ್ದಬೇಕು, ಪಟ್ಟಿಯನ್ನು ಯಾವ ಓರೆಯಲ್ಲಿ ಕತ್ತರಿಸಿದರೆ ಹುಬ್ಬಿನ ಕೂದಲು ಕೀಳುವುದಿಲ್ಲ, ಬೆರಳುಗಳಿಗೆ ಒಂದಿಷ್ಟೂ ಮರೆತಿರಲಿಲ್ಲ. “ಉರಿಯತ್ತಾ?” ಎಂದು ಊದಿದರು. ಹೊಡೆದ ಕೈಯೂ ಅದೇ, ಮುಲಾಮು ಹಚ್ಚಿದ ಕೈಯೂ ಅದೇ. ಒಂದರ ಸುದ್ದಿ ಇನ್ನೊಂದಕ್ಕೆ ಗೊತ್ತಿಲ್ಲ. ಮರೆಯೊಳಗೆ ಕೂತವರೆಂದರೆ ಇವರೇ ಎನಿಸಿತು. ಗುಡಾರ ಮಡಿಚಿ ವ್ಯಾನಿನ ಮೇಲೆ ಕಟ್ಟಿದರೂ ಅವರು ಅದರೊಳಗೇ ಇದ್ದಾರೆ, ನಾನು ಹೊರಗೆ ನಿಂತು ಬಟ್ಟೆ ತಟ್ಟುತ್ತಿದ್ದೇನೆ.

ಲಿಫ್ಟು ಚಿಕ್ಕದು ಎಂದು ಬರೆದೆ. ನಿಜ, ಚಿಕ್ಕದು. ಆದರೆ ನನಗೆ ಆ ದಿನ ಕಂಡದ್ದು ಲಿಫ್ಟಲ್ಲ. ನಿನ್ನ ಅವಳಿಗಳು ನಿದ್ದೆಯಿಂದೆದ್ದ ಕೂಡಲೇ ಬಾಗಿಲು ಗುದ್ದಿಕೊಂಡು ತಾತನ ಮಂಚ ಹತ್ತುವವರು. ಅವರ ತಲೆ ಸರಿಯಾಗಿ ಟ್ರೈಪಾಡಿನ ಎತ್ತರಕ್ಕಿದೆ. ನಾನಾದರೆ ಕೆಂಪು ಶಾಲು ಹೊದ್ದು ಎರಡನೆಯ ಸಲ ಬಂದೆ. ಆ ಮಕ್ಕಳಿಗೆ ಯಾವ ಬಣ್ಣ ಹೊದಿಸೋಣ, ಹೇಳು.

ಟ್ರೈಪಾಡ್ ಬಚ್ಚಿಡು ಎನ್ನುತ್ತೀಯ. ಇಟ್ಟೆ. ಶುಕ್ರವಾರ ಅವರ ಕೈಗೆ ಕಾಫಿ ಕಾಯಿಸುವ ಪಾತ್ರೆ ಸಿಕ್ಕಿತು. ಪುಣ್ಯಕ್ಕೆ ಖಾಲಿಯಿತ್ತು. ಅಂದು ಶಾಲು ನನ್ನ ಹೆಗಲ ಮೇಲೆಯೇ ಇತ್ತು. ಸ್ವಲ್ಪ ಜಾರಿತ್ತು ಅಷ್ಟೆ.

ಈ ಆಶ್ರಮವನ್ನು ನಾನು ಫೆಬ್ರವರಿಯಲ್ಲೇ ಬಂದು ನೋಡಿದ್ದೆ. ತಂಗಿಯ ಮನೆಗೆ ಹೋಗುತ್ತೇನೆ ಎಂದು ನಿನಗೆ ಹೇಳಿದ್ದೆನಲ್ಲ, ಅಂದು. ಹೆಸರು ಕೊಟ್ಟು ಬಂದಿದ್ದೆ, ಕರೆ ಬರದಿರಲಿ ಎಂದುಕೊಂಡಿದ್ದೆ. ಅಲ್ಲಿ ಯಾರಾದರೂ ಹಾರಿಹೋದರೆ ಮಾತ್ರ ಗೂಡು ಖಾಲಿ. ಶನಿವಾರ ಫೋನು ಬಂತು. ಎರಡನೆಯ ಮಹಡಿ, ಮೂಲೆ ಕೋಣೆ. ಯಾರು ಸತ್ತರು ಎಂದು ಕೇಳಬೇಕಿತ್ತು, ಕೇಳಲಿಲ್ಲ. ಕಿಟಕಿಯಿಂದ ಏನು ಕಾಣುತ್ತದೆ ಎಂದು ಕೇಳಿದೆ. ಗಂಟೆಗೋಪುರ, ಅದರ ಮೇಲೆ ಕೊಕ್ಕರೆ ಗೂಡು ಎಂದರು.

ಈಗ ಇವತ್ತಿನ ಬೆಳಗು. ಇದನ್ನು ಬರೆಯಲೆಂದೇ ಉಳಿದದ್ದನ್ನೆಲ್ಲ ಬರೆದೆ.

ಹಲ್ಲುಜ್ಜುವಾಗ ಕಾರ್ಡು ಹಾಕಿದೆ. ಯಾಕೆ ಎಂದು ಕೇಳಬೇಡ, ರೂಢಿ. ಅಂಗಳದ ಗೇಟಿನಲ್ಲಿ ನಿಕಾನೋರಾ ಎಂಬಾಕೆ ನಿಂತಿದ್ದಳು. ಆ ಮಹಡಿಯವರನ್ನು ನೋಡಿಕೊಳ್ಳುವವಳು, ದಪ್ಪ ಕೈ, ದೊಡ್ಡ ಗಂಟಲು. “ಬನ್ನಿ ಡಾನ್ ಲೆಯಾಂದ್ರೊ, ನಿಮ್ಗೋಸ್ಕರ ಹಕ್ಕಿ ಬೆಳಗ್ಗಿಂದ ಕಾಯ್ತಿದೆ” ಎಂದಳು. ಅವಳ ಬಾಯಿಗೆ ಸಕ್ಕರೆ ಹಾಕಬೇಕೆನಿಸಿತು, ಅವಳ ಕಾಲಿಗೆ ಬೀಳಬೇಕೆನಿಸಿತು. ನಿನ್ನಪ್ಪ ಒಳಗಿನ ಓಣಿಯಲ್ಲಿ ಸಾಲಾಗಿ ಕೂತ ಮುದುಕರನ್ನು ನೋಡಿ, “ಏನೇ ಇದು, ಇಷ್ಟೊಂದು ಜನ ಫೋಟೊಗ್ರಾಫರ್ಸ್! ಹಕ್ಕಿ ಬಂದ ಹಾಗೇ!” ಎಂದರು.

ಕೋಣೆಗೆ ಹೋಗಿ ನಾನೇ ಟ್ರೈಪಾಡ್ ಕಟ್ಟಿದೆ. ಹೌದು, ಅದನ್ನು ತಂದಿದ್ದೆ. ನಿಕಾನೋರಾಗೆ ಎಲ್ಲ ಹೇಳಿದ್ದೇನೆ. ಅವಳು, “ನಮ್ಮಲ್ಲಿ ಊರುಗೋಲಿಗೇನು ಬರವೇ ಅಮ್ಮಾ, ಇದೂ ಒಂದು ಇರ್ಲಿ, ನನ್ ಕೈ ಅವರಿಗಿಂತ ಜೋರು” ಎಂದಳು. ಗೂಡು ಕಿಟಕಿಯ ನೇರಕ್ಕೇ ಇದೆ. ಹೆಣ್ಣು ಕಾವು ಕೂತಿತ್ತು. ಗಂಡು ಬಂದಿಳಿದು, ಎರಡೂ ಕತ್ತು ಹಿಂದಕ್ಕೆ ಹಾಕಿ ಕೊಕ್ಕು ಕುಟ್ಟಿದವು. ನಿನ್ನಪ್ಪ ಕೂತರು. ಕ್ಯಾಮೆರಾಕ್ಕೆ ಕಣ್ಣಿಟ್ಟರು. ಬೆನ್ನು ನೆಟ್ಟಗಾಯಿತು. ಒಂದು ವರ್ಷದಿಂದ ಆ ಬೆನ್ನು ನೆಟ್ಟಗಾದದ್ದನ್ನು ನಾನು ನೋಡಿರಲಿಲ್ಲ.

“ಒಳ್ಳೇ ಮರೆ ಇದು” ಎಂದರು. “ಇಬ್ರೂ ಬಂದಿದ್ದು ಅವು ನೋಡಿವೆ. ನೀನಿನ್ನು ಹೊರಡು.”

ಕಸಿಲ್ದಾ, ನಾನೇ ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಅವರೇ ಹೇಳಿದರು. ಹೊರಡು ಎಂದರು.

“ಶಾಲು ಇದೆಯಾ?”

“ಇದೆ.”

“ನಿಧಾನ ನಡಿ. ತಿರುಗಿ ನೋಡ್ಬೇಡ.”

“ಇಲ್ಲ.”

“ಬೇಗ ಬಂದ್ಬಿಡ್ಬೇಡ, ಲಾಲಿ. ಬೆಳಕು ಚೆನ್ನಾಗಿದೆ.”

ನಾನು ಮೆಟ್ಟಿಲಿಳಿದೆ. ಅಂಗಳ ದೊಡ್ಡದು, ಮಧ್ಯದಲ್ಲಿ ಒಂದು ಕಿತ್ತಳೆ ಮರ. ನಿಧಾನ ನಡೆದೆ. ತಿರುಗಿ ನೋಡ‌ಲಿಲ್ಲ. ಗೇಟಿನ ಚಿಲಕ ಕೈಗೆ ಸಿಗಲಿಲ್ಲ, ಸ್ವಲ್ಪ ಹೊತ್ತು ಹುಡುಕಾಡಿದೆ, ಆಗಲೂ ನೋಡಲಿಲ್ಲ. ಹೊರಗೆ ಬಂದೆ. ರಸ್ತೆ ದಾಟಿದೆ. ವ್ಯಾನು ಹತ್ತಿ ಬಾಗಿಲು ಹಾಕಿಕೊಂಡೆ. ಜನ್ಮದಲ್ಲಿ ಇಷ್ಟು ಚೆನ್ನಾಗಿ ನಾನು ಎಂದೂ ನಡೆದಿಲ್ಲ.

ಹದ್ದಿಗೆ ಮಾಡುತ್ತಿದ್ದ ಮೋಸವನ್ನು ಮರೆಯೊಳಗಿದ್ದವರಿಗೇ ಮಾಡಿದೆ. ಮುಂದೇನು ಎನ್ನುವುದು ನನಗೆ ಗೊತ್ತಿಲ್ಲ. ಸಂಜೆಗೆ ಕಾಸೆರೆಸ್‌ಗೆ ಹೊರಡಬೇಕು ಎಂದುಕೊಂಡಿದ್ದೆ. ಎರ್ಲಡ್ಡು ಎದ್ದೇಳಲಿಲ್ಲ ಎಂದು ಬರೆದರೆ ನೀನು ನಂಬುವುದಿಲ್ಲ. ಕೀಲಿ ಹಾಕಿಯೇ ಇಲ್ಲ. ಅವರು ಎಲ್ಲ ಮರೆತಿರುತ್ತಾರೆ, ಊಟಕ್ಕೆ ಕರೆದರೆ ಎದ್ದು ಹೋಗಿರುತ್ತಾರೆ, ನಾನು ಬಂದದ್ದು ಹೋದದ್ದು ಒಂದೂ ನೆನಪಿರುವುದಿಲ್ಲ. ಮರೆವಿನಿಂದ ಇಷ್ಟಾದರೂ ಪ್ರಯೋಜನ ಬೇಡವೇ? ಇದನ್ನು ಹಿಡಿದುಕೊಂಡು ಕೂತಿದ್ದೇನೆ.

ಭಾನುವಾರ ನೀನೊಬ್ಬಳೇ ಬಾ. ಮಕ್ಕಳನ್ನು ಅವರಪ್ಪನ ಹತ್ತಿರ ಬಿಟ್ಟು ಬಾ. ಬಂದು ಬೈಯುವುದಾದರೆ ವ್ಯಾನಿನೊಳಗೆ ಬೈ, ಬೀದಿಯಲ್ಲಿ ಬೇಡ. ಇಲ್ಲಿ ಕಿಟಕಿಗಳು ಬಹಳ.

ಹೋಗುವುದನ್ನೇ ಕಸುಬು ಮಾಡಿಕೊಂಡ,
ನಿನ್ನ ಅಮ್ಮ,
ಎವುಲಾಲಿಯಾ

ಮರೆತದ್ದು: ಮಂಗಳವಾರ ಬೆಳಗ್ಗೆ. ಕಾಗದ ಇನ್ನೂ ಡಬ್ಬಿಗೆ ಹಾಕಿಲ್ಲ. ಬೆಳಗಾಗುತ್ತಲೇ ನಿಕಾನೋರಾ ಬಂದು ವ್ಯಾನು ತಟ್ಟಿದಳು. ಕೈಯಲ್ಲಿ ಕ್ಯಾಮೆರಾ. “ಅಮ್ಮಾ, ಹೋಗೇ ಇಲ್ವಾ ನೀವು? ‘ಕೆಳಗೆ ಎರ್ಲಡ್ಡು ನಿಂತಿದೆ, ಅದರಲ್ಲಿ ನಮ್ಮವಳಿದಾಳೆ, ಬ್ಯಾಟರಿ ಚಾರ್ಜ್ ಮಾಡಿಕೊಡ್ತಾಳೆ’ ಅಂದ್ರು. ನಾನು ಹಕ್ಕಿ ಅಂದ್ಕೊಂಡು ಮರವೆಲ್ಲ ನೋಡ್ದೆ!” ಊಟ ಮಾಡಿದರಾ ಎಂದು ಕೇಳಿದೆ. ಅವಳ ದೊಡ್ಡ ಗಂಟಲು ಸಣ್ಣದಾಯಿತು. “ಕಿಟಕಿ ಬಿಟ್ಟು ಏಳ್ತಿಲ್ಲಮ್ಮಾ. ನೀರು ಕುಡಿಸಿದೀನಿ ಅಷ್ಟೆ. ಕುರ್ಚೀಲೇ ಕಣ್ಮುಚ್ಚಿದ್ರು. ಲಾಲಿ ಬಂದು ತಟ್ಟೋವರ್ಗೂ ಏಳೋ ಹಾಗಿಲ್ಲ, ನಿಮಗೆ ಗೊತ್ತಾಗಲ್ಲ ಬಿಡಿ ಅಂತಾರೆ.”

ಅವಳು ಹೋದ ಮೇಲೆ ಚಿತ್ರ ನೋಡಿದೆ. ಕೊಕ್ಕರೆ ಮೊದಲ ಒಂದೆರಡರಲ್ಲಿದೆ, ಅಷ್ಟೆ. ಆಮೇಲೆ ಕ್ಯಾಮೆರಾ ಕೆಳಗೆ ಬಾಗಿದೆ. ಕಿತ್ತಳೆ ಮರದ ಪಕ್ಕ ನಾನು. ಮರ ದಾಟಿದ ನಾನು. ಗೇಟಿನ ಚಿಲಕ ಹುಡುಕುತ್ತಿರುವ ನಾನು. ಎಲ್ಲದರಲ್ಲೂ ಬೆನ್ನು. ಕೊನೆಯದರಲ್ಲಿ ಶಾಲಿನ ನೂಲು ನೂಲೂ ಸ್ಪಷ್ಟವಾಗಿದೆ. ಇಷ್ಟು ವಸಂತಗಳಲ್ಲಿ ನಾನು ನಡೆದು ಹೋಗುವಾಗ ಅವರು ಒಮ್ಮೆಯೂ ಗುಂಡಿ ಒತ್ತಿದವರಲ್ಲ.

ಬ್ಯಾಟರಿ ತುಂಬಿದೆ. ಕೊಟ್ಟು ಬರಬೇಕು. ಶಾಲು ಹೊದ್ದು ಹೋದರೆ ಕರೆದುಕೊಂಡು ಹೋಗಲು ಬಂದಳೆಂದು ಎದ್ದು ನಿಲ್ಲುತ್ತಾರೆ. ಹೊದೆಯದೆ ಹೋದರೆ ನಾನು ಯಾರೋ. ಶಾಲು ತೊಡೆಯ ಮೇಲಿದೆ.